ಅಂಗಳದ ನಾಲ್ಕು ಕಂಬ

ಸೋಮವಾರ, ಸೆಪ್ಟೆಂಬರ್ 3

ಟೀಚರ್ ಫ್ರಾನ್ಸಿನಾ ಮನೆ. ಮೂರು ದಿನದಿಂದ ಟಿವಿ ಬರುತ್ತಿಲ್ಲ, ಸ್ಯಾಟಲೈಟೇ ಬಿದ್ದುಹೋಗಿರಬೇಕು ಎಂದು ಹೇಳಿ ಕಳಿಸಿದ್ದಳು. ಹೋಗಿ ನೋಡಿದರೆ ಡಿಶ್ ತುಂಬ ಲವಂಗ! ಚೀಲ ಹಾಸಿ ಒಣಹಾಕಿದ್ದಾಳೆ.

"ಟೀಚರ್, ಇದು ಮೊರ ಅಲ್ಲ ಕಣ್ರೀ."

"ಕೋಳಿ ಹತ್ತಲ್ಲ ನೋಡು ಅಲ್ಲಿಗೆ. ಗಾಳೀನೂ ಚೆನ್ನಾಗಿ ಆಡುತ್ತೆ."

ಭಾರಕ್ಕೆ ಡಿಶ್ ಒಂದು ಬೆರಳು ಬಾಗಿತ್ತು. ಅಷ್ಟು ಸಾಕು, ಸಿಗ್ನಲ್ ಹೋಗಲು. ತಿರುಗಿಸಿ ಬಿಗಿ ಮಾಡಿದೆ. ಕೇಬಲ್ ತುದಿ ಹಸಿರುಗಟ್ಟಿತ್ತು, ಕತ್ತರಿಸಿ ಹೊಸದು ಹಾಕಿದೆ.

ನೆನಪಿಡು: ಕೇಬಲ್ ಗೋಡೆ ಹೊಗುವ ಮೊದಲು ಒಂದು ಜೋಲು ಬಿಡು. ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಜೋಡಣೆಗೆ ಬೈಕಿನ ಹಳೇ ಟ್ಯೂಬ್ ಸುತ್ತು. ಬರೀ ಟೇಪ್ ಈ ಉಪ್ಪುಗಾಳಿಗೆ ಬಾಳುವುದಿಲ್ಲ.

ಇದೆಲ್ಲ ಯೋಸಿಯಾಸ್ ಹೇಳುತ್ತಿದ್ದದ್ದು. ಎಲ್ಲಾ ಬಾಯಲ್ಲೇ ಇಟ್ಟುಕೊಂಡಿದ್ದ ನನ್ನ ಗಂಡ. ತೀರಿಹೋಗಿ ಎರಡು ವರ್ಷ. ನೆನಪಾದದ್ದನ್ನು ನೆನಪಾದಾಗಲೇ ಬರೆದಿಡಬೇಕು.

ಶನಿವಾರ, 8

ಮಾರ್ಲೆನ್ ಫೋನ್. ಸೆಮಿಫೈನಲ್ ಗೆದ್ದಳು! ನನ್ನ ಮಗಳು, ಹತ್ತೊಂಬತ್ತು ವರ್ಷ, ರಾಷ್ಟ್ರೀಯ ಕ್ರೀಡಾಕೂಟದ ಬಾಕ್ಸಿಂಗ್ ಫೈನಲ್‌ನಲ್ಲಿ. ಬರುವ ಶನಿವಾರ. ಟಿವಿಯಲ್ಲಿ ನೇರ ತೋರಿಸುತ್ತಾರಂತೆ. ಅಲ್ಲಿ ಮಧ್ಯಾಹ್ನ ಮೂರು ಗಂಟೆ — ಇಲ್ಲಿ, ನಮ್ಮ ಮಲುಕುವಿನಲ್ಲಿ, ಐದು.

"ಅಮ್ಮಾ, ರಿಂಗ್ ಹತ್ತೋವಾಗ ಎಡಗೈ ಎತ್ತುತೀನಿ. ಅದು ಓಮಾಗೆ. ಓಮಾ ನೋಡ್ಬೇಕು, ಆಯ್ತಾ? ಯಾರೋ ಬಂದು ಹೇಳೋದಲ್ಲ. ಕಣ್ಣಾರೆ ನೋಡ್ಬೇಕು."

"ನೋಡ್ತಾರೆ ಬಿಡೇ."

ಹೇಳಿಬಿಟ್ಟೆ. ಓಮಾ ಮನೆಯ ಡಿಶ್ ಜೂನ್‌ನಿಂದ ಸತ್ತು ಬಿದ್ದಿದೆ ಅನ್ನುವುದು ಮಗಳಿಗೆ ಗೊತ್ತಿಲ್ಲ.

ಓಮಾ ಅಂದರೆ ನನ್ನ ಅತ್ತೆ, ಬಟ್ಸೆಬಾ. ಎಂಬತ್ತೊಂದು. ನಾನು, ಯೋಸಿಯಾಸ್ ಡಿಶ್ ಹೊತ್ತುಕೊಂಡು ದ್ವೀಪ ದ್ವೀಪ ಸುತ್ತುವಾಗ ಮಾರ್ಲೆನ್‌ಳನ್ನು ಸಾಕಿದವಳು. ಮರಳು ತುಂಬಿದ ಚೀಲ ಕಟ್ಟಿಕೊಟ್ಟು "ಸಿಟ್ಟು ಬಂದ್ರೆ ಇದಕ್ಕೆ ಹೊಡಿ, ಪಕ್ಕದ ಮನೆ ಮಕ್ಕಳಿಗಲ್ಲ" ಎಂದವಳು. ಊರವರ ಮನೆಗೆಲ್ಲ ಟಿವಿ ಬರಿಸಿಕೊಡುತ್ತೇನೆ, ಅವಳ ಮನೆಗೆ ನಾಳೆ ಬಂದೆ, ನಾಡಿದ್ದು ಬಂದೆ. ನಾಚಿಕೆ ಆಗಬೇಕು ನನಗೆ. ಆ ಮನೆಯ ಮುಂದಿನ ಅಂಗಳಕ್ಕೆ ಕಾಲಿಡಲು ಆಗುವುದಿಲ್ಲ, ಅದೇ ನಿಜ. ಅಲ್ಲಿ ಯೋಸಿಯಾಸ್ ಇದ್ದಾನೆ, ಗೋರಿಯ ಹೆಂಚಿನ ಕೆಳಗೆ.

ಆದರೂ ಈ ಸಲ ಮಾಡಲೇಬೇಕು.

ಭಾನುವಾರ, 9

ಚರ್ಚ್ ಮುಗಿಸಿ ನೇರ ಅಲ್ಲಿಗೆ. ಹಿಂಬಾಗಿಲಿನಿಂದ ಹೋದೆ. ನಾನು ಹಿತ್ತಲಲ್ಲಿ ಡಿಶ್ ತಿರುಗಿಸುವುದು, ಓಮಾ ಒಳಗೆ ಟಿವಿ ಮುಂದೆ ಕೂತು ಸಿಗ್ನಲ್ ಪಟ್ಟಿ ನೋಡಿ ಕೂಗುವುದು.

"ಬಂತಾ?"

"ಬಂತು!"

ಓಡಿ ಹೋದೆ. ಪರದೆ ಕಪ್ಪು. ಮೇಜಿನ ಮೇಲೆ ಬಿಸಿ ಪಪೇಡಾ ಗಂಜಿ, ಮೀನುಸಾರು.

"ಎಲ್ಲಿ ಓಮಾ ಬಂದಿದ್ದು?"

"ಊಟದ ಹೊತ್ತು ಬಂತು ಅಂದೆ. ಪಪೇಡಾ ಆರಿದ್ರೆ ಗೋಂದು. ಕೂತ್ಕೊ."

ತಿಂದೆ. ಮತ್ತೆ ಹೋದೆ. ಎಲ್‌ಎನ್‌ಬಿ — ಸಿಗ್ನಲ್ ಹಿಡಿಯುವ ಡಬ್ಬಿ — ಬದಲಿಸಿದೆ, ಕೇಬಲ್ ಬದಲಿಸಿದೆ. ಪಟ್ಟಿ ಸೊನ್ನೆ. ಕೊನೆಗೆ ಡಿಶ್ ಪಕ್ಕ ಅಂಗಾತ ಮಲಗಿ ಅದು ನೋಡುವ ಕಡೆಗೇ ನೋಡಿದೆ. ಪಶ್ಚಿಮ, ತಲೆಯಿಂದ ಸ್ವಲ್ಪ ಕೆಳಗೆ. ಆಕಾಶವೇ ಇಲ್ಲ. ತೆಂಗಿನ ಗರಿ.

ಮಾರ್ಲೆನ್ ಹುಟ್ಟಿದ ದಿನ ನೆಟ್ಟ ತೆಂಗು. ಅವಳ ಮರ.

ಒಂಬತ್ತು ವರ್ಷದ ಹಿಂದೆ ಯೋಸಿಯಾಸ್ ಅಂದಿದ್ದ, ಮುಂದಿನ ಅಂಗಳದಲ್ಲಿ ಹಾಕೋಣ, ಸಮುದ್ರದ ಕಡೆ ಎಲ್ಲ ಬಯಲು ಎಂದು. ನಾನೇ ಬಿಡಲಿಲ್ಲ. ಮನೆ ಮುಂದೆ ಅಷ್ಟು ದೊಡ್ಡ ಬಾಣಲೆ ನೋಡಲು ಚೆಂದವೇ ಎಂದು ಜಗಳ ತೆಗೆದಿದ್ದೆ.

ನೆನಪಿಡು: ಇವತ್ತಿನ ಆಕಾಶ ನೋಡಿ ಜಾಗ ಗುರುತಿಸಬೇಡ. ಆ ಗಿಡ ಹತ್ತು ವರ್ಷಕ್ಕೆ ಎಷ್ಟೆತ್ತರ ಆಗುತ್ತದೆ ಎಂದು ಮನೆಯವರನ್ನು ಕೇಳು. ಮೊದಲು ನಿನ್ನನ್ನು ಕೇಳಿಕೋ, ಕೋಬಾ.

ಸೋಮವಾರ, 10

ನಾಲ್ಕು ಗರಿ. ನಾಲ್ಕೇ ನಾಲ್ಕು ಕಡಿದರೆ ಸಾಕು. ಆದರೆ ತೆಂಗಿಗೆ ಸಾಸಿ ಬಿದ್ದಿದೆ. ಹೋದ ತಿಂಗಳು ಚರ್ಚ್‌ನಲ್ಲಿ ಪ್ರಾರ್ಥನೆ ಮಾಡಿ ಕಾಂಡಕ್ಕೆಲ್ಲ ಎಳೆಗರಿ ಕಟ್ಟಿದ್ದಾರೆ. ನವೆಂಬರ್‌ವರೆಗೆ ಊರಿನ ಯಾವ ತೆಂಗನ್ನೂ ಮುಟ್ಟುವಂತಿಲ್ಲ. ಬಿದ್ದ ಕಾಯಿ ಕೂಡ.

ಸಾಸಿ ಕಾಯುವವನು ಬುಂಗ್ ಎಲಿಯಾಸ್, ಊರಿಗೆಲ್ಲ ಅಣ್ಣ. ಅವನನ್ನೇ ಕೇಳಿದೆ.

"ನಾಲ್ಕು ಗರಿ ಬುಂಗ್. ಊರಿನ ಹುಡುಗಿ ಫೈನಲ್ ಆಡ್ತಿದಾಳೆ."

"ನನ್ನ ಸ್ವಂತ ತಂಗಿ ಬಸಿರಲ್ಲಿ ಎಳನೀರು ಕೇಳಿದ್ಲು ಕಣೇ, ಕೊಟ್ಟಿಲ್ಲ. ಇನ್ನೂ ಮಾತಾಡ್ಸಲ್ಲ ನನ್ನ. ನಿಂಗೆ ಗರಿ ಕೊಟ್ಟೆ ಅಂತ ಗೊತ್ತಾದ್ರೆ ಅವಳು ನನ್ನ ಬಿಡ್ತಾಳಾ?"

ಬೈದುಕೊಂಡು ಬಂದೆ. ತಪ್ಪು ಅವನದಲ್ಲ. ಅವನೇ ಬಿಟ್ಟುಕೊಟ್ಟರೆ ಕಾಯುವುದೇನು ಬಂತು.

ಊರ ರಾಜರ — ನಮ್ಮ ಮುಖಂಡರ — ಮನೆಯಲ್ಲಿ ದೊಡ್ಡ ಪರದೆ ಕಟ್ಟುತ್ತಾರೆ, ಓಮಾಳನ್ನು ಕುರ್ಚಿ ಸಮೇತ ಹೊತ್ತೊಯ್ಯೋಣ ಅಂದೆ. ಜೂನ್‌ನಲ್ಲಿ ಬಿದ್ದು ಸೊಂಟ ಮುರಿದಾಗಿನಿಂದ ಅವಳು ಮನೆ ದಾಟಿಲ್ಲ.

"ನನ್ನ ಹೊರೋದು ಒಂದೇ ಸಲ," ಅಂದಳು. "ಆವಾಗ ಬೇಡ ಅನ್ನಲ್ಲ."

ಬುಧವಾರ, 12

ಎರಡು ದಿನ ಜಾಗ ಹುಡುಕಿದ್ದೇ ಆಯ್ತು. ಮಾಡಿನ ಮೇಲೆ — ಜಂತಿ ಗೆದ್ದಲು, ಆರಡಿ ಅಗಲದ ಡಿಶ್ ಗಾಳಿಗೆ ಮಾಡನ್ನೇ ಕಿತ್ತುಕೊಂಡು ಹೋಗುತ್ತದೆ. ಪಕ್ಕದಲ್ಲಿ — ಮಾವಿನ ಮರ. ಉಳಿದದ್ದು ಮುಂದಿನ ಅಂಗಳ. ಬರೀ ಮರಳು. ಗುಂಡಿ ತೋಡಿ ಸಿಮೆಂಟ್ ಹಾಕಿದರೆ ಏಳು ದಿನ ಆರಬೇಕು. ಇರುವುದು ಮೂರು. ಹಸಿ ಸಿಮೆಂಟಿನ ಕಂಬ ಒಂದು ಕೂದಲಷ್ಟು ವಾಲಿದರೂ ಮುಗಿಯಿತು.

ನೆನಪಿಡು: ಕಂಬ ಮೊದಲು. ಎಲ್ಲಕ್ಕಿಂತ ಮೊದಲು. ರಸಮಟ್ಟ ಇಟ್ಟು ನಾಲ್ಕೂ ಕಡೆಯಿಂದ ನೋಡು. ಕಂಬ ಸೊಟ್ಟಗಿದ್ದರೆ ಡಿಶ್ ಎಷ್ಟು ತಿರುಗಿಸಿದರೂ ಕೈನೋವೇ ಸೈ.

ಆ ಅಂಗಳದಲ್ಲಿ ಒಣಗಿದ ಕಾಂಕ್ರೀಟ್ ಅಂತ ಇರುವುದು ಒಂದೇ. ಬರೆಯುವುದಿಲ್ಲ ಅಂದುಕೊಂಡಿದ್ದೆ. ಓಮಾ ಬಾಯಿಬಿಟ್ಟು ಹೇಳಿಯೇ ಬಿಟ್ಟಳು, ಕಿಟಕಿಯಲ್ಲಿ ಕೂತು, ತಾಂಬೂಲ ಅಗಿಯುತ್ತಾ.

"ಅವನ ಗೋರಿ ಮೇಲೆ ನಾಲ್ಕು ಕಂಬ ಇದಾವಲ್ಲ."

"ಅದು ಚಪ್ಪರ ಓಮಾ. ನೆರಳಿಗೆ ಹಾಕಿದ್ದು."

"ಕಂಬ ತಾನೇ?"

"ಮುಟ್ಟಲ್ಲ ನಾನು. ಇಪ್ಪತ್ತು ವರ್ಷ ಊರವರ ಮಾಡಿನ ಮೇಲೆ ಬಿಸಿಲಲ್ಲಿ ಬೆಂದ. ಆಸ್ಪತ್ರೇಲಿ ಮಲಗಿದ್ದಾಗ್ಲೂ ಯಾರ್ದೋ ಫೋನು, ಚಾನೆಲ್ ಬರ್ತಿಲ್ಲ ಅಂತ. ಸತ್ತ ಮೇಲಾದ್ರೂ ರಜ ಬೇಡ್ವಾ ಅವನಿಗೆ? ಅಲ್ಲೂ ಡಿಶ್ ಹೊರ್ಬೇಕಾ?"

ಜೋರಾಗಿಯೇ ಕೂಗಾಡಿದೆ. ಓಮಾ ಉಗಿದು, ಬಾಯಿ ಒರೆಸಿಕೊಂಡಳು.

"ನೀನು ಅವನ ಹೆಂಡ್ತಿ, ನಾನು ಹೆತ್ತವಳು. ರಜ ಕೊಡೋಳು ಯಾರು ಅಂತ ಆಮೇಲೆ ತೀರ್ಮಾನ ಮಾಡೋಣ. ಹೋಗು ಈಗ."

ಬಂದೆ. ಅತ್ತುಬಿಟ್ಟೆ.

ಶುಕ್ರವಾರ, 14, ಬೆಳಿಗ್ಗೆ

ನಿನ್ನೆ ಏನೂ ಬರೆದಿಲ್ಲ. ಕೆಲಸಕ್ಕೂ ಹೋಗಲಿಲ್ಲ.

ಇವತ್ತು ಏಳಕ್ಕೆ ಓಮಾ ಮನೆಗೆ. ಕ್ಷಮೆ ಕೇಳಲು, ಇನ್ನೇನೋ ದಾರಿ ಹುಡುಕಲು. ಮುಂಬಾಗಿಲಿನಿಂದಲೇ ಹೋದೆ. ನೋಡಿದರೆ ಚಪ್ಪರದ ತಗಡು ಬಿಚ್ಚಿ ಗೋಡೆಗೆ ಒರಗಿಸಿದೆ! ಬುಂಗ್ ಎಲಿಯಾಸ್ ಏಣಿಯ ಮೇಲೆ, ಕೈಯಲ್ಲಿ ಸ್ಪ್ಯಾನರ್. ಓಮಾ ಊರುಗೋಲು ಹಿಡಿದು ಅಂಗಳದಲ್ಲಿ ನಿಂತಿದ್ದಾಳೆ. ಜೂನ್ ಆದಮೇಲೆ ಮೊದಲ ಸಲ ಹೊರಗೆ.

"ಸಾಸಿ ಇರೋದು ತೆಂಗಿಗೆ," ಅಂದ ಎಲಿಯಾಸ್. "ತಗಡಿಗಲ್ಲ."

ನಾನು ಬಾಯಿ ತೆಗೆಯುವ ಮೊದಲೇ ಓಮಾ ಊರುಗೋಲಿನಿಂದ ಗೋರಿಯ ಹೆಂಚಿಗೆ ಎರಡು ಸಲ ತಟ್ಟಿದಳು.

"ಯೋಸಿ, ಎದ್ದಿದೀಯೇನೋ? ನಾಳೆ ಸಂಜೆ ಐದಕ್ಕೆ ನಿನ್ನ ಮಗಳ ಪಂದ್ಯ. ನಿನ್ನ ಹೆಂಡ್ತಿ ನಿಂಗೆ ರಜ ಅಂತಾಳೆ. ಒಂದು ದಿನ ಕೆಲಸಕ್ಕೆ ಬಾ, ಆಮೇಲೆ ಮಲಗೋವಂತೆ. ಬೇಡ ಅನ್ನೋದಾದ್ರೆ ಈಗ್ಲೇ ಹೇಳು."

ಮೂರೂ ಜನ ಕಾದೆವು. ಒಂದು ಕೋಳಿ ಕೂಗಿತು, ಅಷ್ಟೇ.

"ಒಪ್ಪಿದ," ಅಂದಳು ಓಮಾ.

ಅಳು ಬಂತು, ಹಾಗೇ ನಕ್ಕೂ ಬಿಟ್ಟೆ. ಆಮೇಲೆ ಹಿತ್ತಲಿಂದ ಡಿಶ್ ಬಿಚ್ಚಿ ತಂದೆ.

ಅದೇ ದಿನ, ಮಧ್ಯಾಹ್ನ

ಡಿಶ್‌ನ ಬಳೆ ಕಂಬಕ್ಕೆ ಸರಿಯಾಗಿ ಕೂತುಬಿಟ್ಟಿತು. ಒಂದು ಬೆರಳೂ ಸಡಿಲವಿಲ್ಲ. ಕೂರದೆ ಏನು? ಚಪ್ಪರ ಕಟ್ಟುವಾಗ ಮನೆಯಲ್ಲಿ ಮಿಕ್ಕಿದ್ದ ಅವನ ಡಿಶ್ ಕಂಬಗಳನ್ನೇ ನೆಟ್ಟಿದ್ದೆ. ಹೊಸ ಕಂಬ ಕೊಳ್ಳುವ ಗತಿ ಆಗ ಇರಲಿಲ್ಲ. ಆ ದಿನ ಅಳುತ್ತಾ ರಸಮಟ್ಟ ಹಿಡಿದು ನಾಲ್ಕನ್ನೂ ನೋಡಿದ್ದೆ, ನೆರೆದವರು ಇವಳಿಗೆ ತಲೆ ಕೆಟ್ಟಿದೆ ಅಂದಿದ್ದರು. ಇವತ್ತು ಮತ್ತೆ ಇಟ್ಟೆ. ಗುಳ್ಳೆ ನಟ್ಟನಡುವೆ.

ನೆನಪಿಡು: ದಿಕ್ಸೂಚಿ ನೋಡುವಾಗ ಕಬ್ಬಿಣದಿಂದ ನಾಲ್ಕು ಹೆಜ್ಜೆ ದೂರ ನಿಲ್ಲು. ಸೊಂಟದ ಕತ್ತಿ ತೆಗೆದಿಡು. ಮೊದಲು ಎತ್ತರ, ಆಮೇಲೆ ಪಕ್ಕಕ್ಕೆ, ಉಗುರಷ್ಟು ಉಗುರಷ್ಟೇ. ತಿರುಗಿಸಿ ಎರಡು ಉಸಿರು ಕಾಯಿ — ರಿಸೀವರ್ ನಿಧಾನ.

"ಬಂತಾ ಓಮಾ?"

"ಇಲ್ಲ."

"ಈಗ?"

"ಹಸಿರು! ಹಸಿರು ಕಣೇ! ಊಟದ್ದಲ್ಲ, ನಿಜವಾಗ್ಲೂ!"

ಎಪ್ಪತ್ತೆಂಟು. ಎಪ್ಪತ್ತೆಂಟು ಬಂದಿದೆ!

ಶನಿವಾರ, 15, ಸಂಜೆ 4:40

ಪಟ್ಟಿ ಎಪ್ಪತ್ತಾರು. ಓಮಾ ಚರ್ಚ್‌ನ ಕಪ್ಪು ಬಟ್ಟೆ ಉಟ್ಟು ಕೂತಿದ್ದಾಳೆ. ಎಲಿಯಾಸ್ ಬಂದ, ತಂಗಿಯ ಜೊತೆಗೆ! ಇಬ್ಬರೂ ಮಾತಾಡುತ್ತಿಲ್ಲ, ಆದರೆ ಒಂದೇ ಬೆಂಚು. ಗಾಳಿ ಏಳುತ್ತಿದೆ. ಸ್ಪ್ಯಾನರ್ ಜೇಬಿನಲ್ಲಿದೆ.

ಸಂಜೆ 6:15

ಎಡಗೈ ಎತ್ತಿದಳು. ನೋಡಿದೆ. ಓಮಾ ನೋಡಿದಳು. ತಾನೂ ಎಡಗೈ ಎತ್ತಿದಳು, ಟಿವಿಗೆ.

ಮೊದಲ ಸುತ್ತು ಮುಗಿಯುವ ಹೊತ್ತಿಗೆ ಚಿತ್ರ ಚೂರು ಚೂರು. ಗಾಳಿ. ಓಡಿದೆ. ಬಳೆಯ ಒಂದು ಬೋಲ್ಟ್ ಎಳೆ ಸವೆದು ಜಾರುತ್ತಿತ್ತು — ಹಳೇ ಬೋಲ್ಟ್, ಬದಲಿಸಬೇಕಿತ್ತು, ಆತುರದಲ್ಲಿ ಮರೆತೆ. ಬಿಗಿ ಮಾಡಿದರೂ ನಿಲ್ಲಲಿಲ್ಲ. ಗೋರಿಯ ಹೆಂಚಿನ ಮೇಲೆ ಹತ್ತಿ, ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಎತ್ತಿ ಡಿಶ್ ಹಿಡಿದೆ.

"ಬಂತಾ?"

"ಬಂತು! ಅಲ್ಲಾಡ್ಬೇಡ!"

ಅಲ್ಲೇ ನಿಂತೆ. ಉಳಿದ ಎರಡು ಸುತ್ತೂ. ತೋಳು ಉರಿದು ಮರಗಟ್ಟಿತು. ಬೆನ್ನಿಗೆ ಅವನ ಕಂಬ ಒತ್ತುತ್ತಿತ್ತು, ಗಟ್ಟಿಯಾಗಿ, ಒಂದಿಷ್ಟೂ ಅಲುಗದೆ. ಹಿಡ್ಕೊ ಯೋಸಿ ಅಂದೆ, ಬಾಯಿಬಿಟ್ಟೇ ಅಂದೆ. ಒಳಗಿಂದ ಓಮಾ ಒಂದೊಂದು ಏಟನ್ನೂ ಕೂಗಿ ಹೇಳಿದಳು. "ಹೊಡಿ! ಹಾಂ! ಬಗ್ಗು, ಬಗ್ಗು... ಅಯ್ಯೋ! ಎದ್ದಳು, ಎದ್ದಳು!"

ಸೋತಳು. ಒಂದೇ ಪಾಯಿಂಟ್‌ನಲ್ಲಿ. ಬೆಳ್ಳಿ. ಆ ತೀರ್ಪುಗಾರನ ಕಣ್ಣಿಗೆ ಲವಂಗ ತಿಕ್ಕಬೇಕು ಅಂದಳು ಓಮಾ, ಮೂರು ಸಲ. ಆಮೇಲೆ ಅತ್ತಳು. "ನಿಂತೇ ಇದ್ಲು ಕಣೇ ಕೊನೇವರ್ಗೂ. ನಾನು ನೋಡ್ದೆ."

ಈಗಷ್ಟೇ ಫೋನ್ ಬಂತು. ಮೊದಲು ಓಮಾ ಮಾತಾಡಿದಳು. ಎಡಗೈ, ಎರಡನೇ ಸುತ್ತು, ಬಿದ್ದು ಎದ್ದದ್ದು, ಎಲ್ಲಾ. ಮಗಳು ಅಲ್ಲಿ ಅಳುತ್ತಾ ನಗುವುದು ನನಗೂ ಕೇಳುತ್ತಿತ್ತು. ಆಮೇಲೆ ನನ್ನ ಕೈಗೆ ಕೊಟ್ಟಳು.

"ಅಮ್ಮಾ, ನೀನು? ನೀನು ನೋಡಿದ್ಯಾ?"

"ನಾನು ನೋಡ್ಲಿಲ್ಲ ಮಗಾ. ನಾನೂ ನಿಮ್ಮಪ್ಪನೂ ಹೊರಗಿದ್ವಿ. ಡಿಶ್ ಹಿಡ್ಕೊಂಡಿದ್ವಿ."

"ಹಾಗಾದ್ರೆ ಅಪ್ಪಂಗೆ ಹೇಳಮ್ಮಾ, ಪಂದ್ಯ ಮುಗೀತು, ಇನ್ನು ಮಲಗು ಅಂತ," ಅಂದಳು ಮೆಲ್ಲಗೆ.