ಸ್ಮೃತಿಗೆ ನಾನು ಕಲಿಸಿದ ಮಾತು

3-2-2025, ಸೋಮವಾರ
ಬೆಳಿಗ್ಗೆ ಕುರುಬರಹಳ್ಳಿ ಸರ್ಕಲ್‌ವರೆಗೆ ವಾಕಿಂಗ್. ಅರವತ್ತರಲ್ಲೂ ನನ್ನ ನಡಿಗೆಗೆ ಹುಡುಗರು ಸಾಟಿಯಿಲ್ಲ. ಟೀ ಅಂಗಡಿಯ ಚಿಕ್ಕಣ್ಣನಿಗೂ ಹೇಳಿದೆ. "ನಿನ್ನೆನೂ ಹೇಳಿದ್ರಿ ಅಣ್ಣ" ಅಂದ. ಮನೆಗೆ ಬಂದು ಒಂದು ಲೋಟ ಅಕ್ಕಿ ಇಟ್ಟೆ. ರಾತ್ರಿಗೂ ಅದೇ.

ಅಕ್ಕನ ಮಗಳು ಸ್ಮೃತಿ ಫೋನ್ ಮಾಡಿದ್ದಳು. "ಮಾವ, ಭಾನುವಾರ ಬಾ. ಪಾಪು ಮಾತು ಕಲೀತಿದಾಳೆ. ಅಕ್ಕನೂ ಇಲ್ಲೇ ಇದಾಳೆ."

ಹೆತ್ತವಳನ್ನು ಈಗಲೂ ಅಕ್ಕ ಅಂತಲೇ ಕರೆಯುತ್ತಾಳೆ. ನಾನು ಕರೆಯುವಂತೆ.

9-2, ಭಾನುವಾರ
ಮಲ್ಲತ್ತಹಳ್ಳಿಗೆ, ಸ್ಮೃತಿ ಮನೆಗೆ ಹೋಗಿದ್ದೆ. ಪಾಪು ನಮ್ಮ ಪುಟ್ಟಲಕ್ಷ್ಮಿ ಅಕ್ಕನನ್ನು ತೋರಿಸಿ "ದೊಡ್ಡಮ್ಮ" ಅಂದಿತು. ಕಲಿಸಿದವನು ಸ್ಮೃತಿಯ ಗಂಡ ಅಭಿನವ್. "ಅಮ್ಮಂಗೆ ಅಕ್ಕ ಆದ್ರೆ ಇವಳಿಗೆ ದೊಡ್ಡಮ್ಮ ತಾನೆ?" ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಡಿಗೆಮನೆಯಲ್ಲಿ ನನ್ನೊಬ್ಬನಿಗೇ ಹೇಳಿದಳು. "ಹತ್ತು ತಿಂಗಳ ಕೂಸು ಬಿಟ್ಟು ಹೋದೋಳು ನಾನು. ಅದಕ್ಕೆ ಗೊತ್ತಾಗಿತ್ತು ಕಣೋ. ಅದಕ್ಕೇ ನನ್ನ ಅಮ್ಮ ಅನ್ನಲಿಲ್ಲ."

ಇನ್ನೊಂದು ಒಬ್ಬಟ್ಟು ತಿಂದೆ.

10-2
ನಿದ್ದೆಯಿಲ್ಲ. ಬರೆದೇ ಬಿಡುತ್ತೇನೆ. ಊರ ಶಾಲೆಯ ಏಳನೇ ಕ್ಲಾಸಾದರೂ ನನ್ನ ಅಕ್ಷರ ಮುತ್ತು, ಮೇಷ್ಟರೇ ಹೇಳಿದ್ದು.

ಭಾವ ತೀರಿಕೊಂಡ ಮೇಲೆ ಅಕ್ಕ ಚಿತ್ರದುರ್ಗದ ಹಾಸ್ಟೆಲ್‌ನಲ್ಲಿ ಅಡಿಗೆ ಕೆಲಸಕ್ಕೆ ಸೇರಿದಳು. ಕೂಸು ಇಲ್ಲಿ, ಈ ಮನೆಯಲ್ಲಿ. ಎಣ್ಣೆ ಹಚ್ಚಿ ಎರೆದು ಬೆಳೆಸಿದ್ದು ಅವ್ವ. ಸೈಕಲ್ ಮೇಲೆ ರಾಜಾಜಿನಗರದ ಸ್ಕೂಲಿಗೆ ಬಿಟ್ಟು ಬಂದದ್ದು ಅಪ್ಪ. ಮಾತು ಕಲಿಸಿದ್ದು ನಾನು. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಹೊರಡುವಾಗ ಅಕ್ಕ ತನ್ನ ಫೋಟೋ ಕೊಟ್ಟಿದ್ದಳು. "ದಿನಾ ತೋರ್ಸಿ ಅಮ್ಮ ಅಂತ ಕಲ್ಸೋ." ದಿನಾ ತೋರಿಸಿದೆ. ಅಕ್ಕ ಅಂತ ಕಲಿಸಿದೆ. ತಮಾಷೆಗೆ... ದೀಪಾವಳಿಗೆ ಬಂದವಳನ್ನು ಕೂಸು "ಅಕ್ಕ" ಅಂದಾಗ ಹೊಟ್ಟೆ ಹಿಡಿದು ನಕ್ಕೆ. ಅವಳ ಮುಖ ನೋಡಿದ ಮೇಲೆ ಹೇಳಲು ಬಾಯಿ ಬರಲಿಲ್ಲ. ತಾನಾಗಿಯೇ ಕಲಿತಳು ಅಂದುಬಿಟ್ಟೆ. ಅಪ್ಪ, ಅವ್ವ ಹಾಗೇ ನಂಬಿಕೊಂಡು ಹೋದರು.

ಹೇಳಿದರೆ ಇರುವ ಒಬ್ಬ ಅಕ್ಕನೂ ಹೋಗುತ್ತಾಳೆ.

16-2, ಭಾನುವಾರ
ಹೇಳಿದೆ. ಅಕ್ಕ ಸ್ಮೃತಿ ಮನೆಯಲ್ಲಿ ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. ಮತ್ತೆ ಬಿಡಿಸಿದಳು.

"ಬಸ್ಸಿಗೆ ಹೊತ್ತಾಯ್ತು. ಹೊರಡು."

9-3
ಮೂರು ವಾರ. ಸ್ಮೃತಿಯೂ ಫೋನ್ ಮಾಡಿಲ್ಲ. ಚಿಕ್ಕಣ್ಣ "ಯಾಕಣ್ಣ, ಏನೂ ಹೇಳ್ತಿಲ್ಲ ಇವತ್ತು?" ಅಂದ. ಟೀ ಕುಡಿದು ಎದ್ದುಬಂದೆ.

11-3, ಮಂಗಳವಾರ
ಬೆಳಿಗ್ಗೆ ಅಕ್ಕ ಬಂದಿದ್ದಳು. ಒಬ್ಬಳೇ. ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತಳು.

"ಇಷ್ಟು ವರ್ಷ ನಾನು ಏನಂತ ಅಂದ್ಕೊಂಡಿದ್ದೆ, ಗೊತ್ತೇನೋ ನಿಂಗೆ?"

ಗೊತ್ತು ಅಂದೆ.

"ಗೊತ್ತಿದ್ದೂ ಸುಮ್ನಿದ್ಯಾ?"

ಹೇಳಿದ್ರೆ ನೀನೂ ಹೋಗ್ತೀಯ ಅಂತ ಹೆದರಿದ್ದೆ ಅಂದೆ, ಒಳಗೆ ಹೋಗಿ ಎರಡು ಲೋಟ ಅಕ್ಕಿ ಇಟ್ಟೆ.