ಕಿವಿ ನನ್ನದೇ, ಪೆಟ್ಟಿಗೆಯೂ ನನ್ನದೇ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಇಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಹಡಗಿನ ಅಡುಗೆಯವನು ಬದಲಾದ ಅಂದಿದ್ದೆ, ಹೊಸಬ ಬಾಯಿಗೆ ಇಡುವ ಹಾಗೆ ಬೇಯಿಸುತ್ತಾನೋ ಇಲ್ಲವೋ? ಹೊಟ್ಟೆ ಕಟ್ಟಿಕೊಂಡು ದುಡಿಯಬೇಡ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ಜಗಳ ತೆಗೆಯುತ್ತದೆ, ಉಳಿದಂತೆ ಸುಮ್ಮನಿರುತ್ತದೆ. ನಿನ್ನ ತಂಗಿ ವಾರಕ್ಕೊಂದು ಸಲ ಬಂದು ನನ್ನ ಫ್ರಿಜ್ಜಿನ ಬಾಗಿಲು ತೆಗೆದು, ಒಳಗೆ ಇರುವುದಕ್ಕೂ ಇಲ್ಲದ್ದಕ್ಕೂ ಸೇರಿಸಿ ನನ್ನನ್ನು ಬೈದು ಹೋಗುತ್ತಾಳೆ. ಅವಳಿಗೆ ಅದರಿಂದ ಒಂದು ಸಮಾಧಾನ, ನನಗೂ ಮನೆಯಲ್ಲಿ ಒಂದು ಸದ್ದು.

ಗಿಟಾರಿನ ದನಿ ಹಿಗ್ಗಿಸುವ ನನ್ನ ಆಂಪ್ ಪೆಟ್ಟಿಗೆಯ ಕಥೆಯಲ್ಲಿ ಅರ್ಧ ನಿನಗೆ ಗೊತ್ತು. ಉಳಿದರ್ಧವನ್ನು ನಡುನಡುವೆ ಕಡಿದುಹೋಗುವ ಹಡಗಿನ ಫೋನಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕೇ ಬಂದರಿನ ಕಚೇರಿಯ ವಿಳಾಸಕ್ಕೆ ಈ ಕಾಗದ. ನೀನು ಹುಟ್ಟುವ ಮೊದಲು ಹೋಟೆಲಿನ ಬ್ಯಾಂಡಿನಲ್ಲಿ ನಾನು ಗಿಟಾರ್ ನುಡಿಸುತ್ತಿದ್ದೆನಲ್ಲ, ಆಗಿನ ದುಡಿಮೆಯಲ್ಲಿ ಕೊಂಡ ಪೆಟ್ಟಿಗೆ ಅದು. ಡ್ರಮ್ ಬಾರಿಸುತ್ತಿದ್ದ ನಿಮ್ಮಪ್ಪ ಅದನ್ನು ಹೊತ್ತುಕೊಡುವ ನೆಪದಲ್ಲೇ ನನಗೆ ಹತ್ತಿರವಾದದ್ದು. ಅದರೊಳಗಿನ ಗಾಜಿನ ವಾಲ್ವುಗಳು ಕಾದು ಕೆಂಪಾಗುವವರೆಗೆ ಕಾಯಬೇಕು; ಆಮೇಲೆ ತಂತಿ ಮೀಟಿದರೆ ಯಾರೋ ಪಕ್ಕದಲ್ಲಿ ಕೂತು ಎದೆಯಿಂದ ಮಾತಾಡಿದ ಹಾಗೆ ಕೇಳುತ್ತಿತ್ತು. ಇಷ್ಟು ವರ್ಷ ಅದು ಮುನಿಸಿಕೊಂಡದ್ದೇ ಇಲ್ಲ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ ಗುಂಯ್ ಎನ್ನತೊಡಗಿತು. ನೀನೇ ಅಲ್ಲವೇ ಹೇಳಿದ್ದು, ಬೆಣ್ಣೆಗೆ ಕೊಡು ಎಂದು?

ಬೆಣ್ಣೆಗೆ ಆ ಹೆಸರು ಇಟ್ಟವಳು ನಾನೇ. ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಹುಡುಗ, ಶಾಲೆ ಬಿಟ್ಟ ಮೇಲೆ ಅವನ ಮನೆಗಿಂತ ನಮ್ಮ ಮನೆಯಲ್ಲೇ ಹೆಚ್ಚು ಉಂಡವನು. ಮಾತು ಎಷ್ಟು ನುಣುಪೆಂದರೆ ತಟ್ಟೆ ಒಡೆದದ್ದು ಅವನಾದರೂ ಬೈಸಿಕೊಂಡದ್ದು ನೀನು. ಈಗ ದೊಡ್ಡ ಬೀದಿಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಇಟ್ಟಿದ್ದಾನೆ. ಹಳೆಯ ಆಂಪುಗಳಿಗೆ ತಾನೇ ವೈದ್ಯನೆಂದು ಬೋರ್ಡು ಬೇರೆ. ಬಂದು ನನ್ನ ಕಾಲು ಮುಟ್ಟಿ, ಪೆಟ್ಟಿಗೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಹೋದ. ಎಷ್ಟೋ ದಿನ ಆಟವಾಡಿಸಿ ತಂದಿಟ್ಟ. ಗುಂಯ್ ಎನ್ನುವುದು ನಿಂತಿತ್ತು, ನಿಜ. ಆದರೆ ಅದರ ಜೊತೆ ಜೀವವೂ ಹೋಗಿತ್ತು. ದಪ್ಪ ತಂತಿ ಮೀಟಿದರೆ ಒದ್ದೆ ರಟ್ಟು ಬಡಿದ ಸದ್ದು, ಸಣ್ಣ ತಂತಿಗೆ ಡಬ್ಬದಲ್ಲಿ ಚಮಚ ಆಡಿಸಿದ ಸದ್ದು. ಹೀಗಿರಲಿಲ್ಲವಲ್ಲೋ ಅಂದೆ. ಅವನು ನನ್ನ ಎದುರು ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡ. "ಅಮ್ಮಾ, ಪೆಟ್ಟಿಗೆ ಸರಿಯಾಗೇ ಇದೆ. ಬೇಜಾರು ಮಾಡ್ಕೋಬೇಡಿ, ಕಿವಿಗೂ ವಯಸ್ಸಾಗುತ್ತೆ ಅಲ್ವಾ?"

ಆ ಕೈ ಹಿಡಿದದ್ದನ್ನು ನಾನು ಮರೆಯಲಾರೆ. ಕದಿಯುವವರು ಕದಿಯಲಿ, ಲೋಕದಲ್ಲಿ ಅವರೂ ಇದ್ದಾರೆ. ಕದ್ದು, ನಿನಗೇ ಕಿವುಡು ಎಂದು ಸಂತೈಸುವವನನ್ನು ನಾನು ಕಂಡದ್ದು ಅದೇ ಮೊದಲು. ಆದರೆ ಆ ಹೊತ್ತಿನಲ್ಲಿ ನನಗೆ ಅನುಮಾನ ಬರಲಿಲ್ಲ, ನಂಬಿಬಿಟ್ಟೆ. ನಿನಗೆ ಫೋನ್ ಮಾಡಿದಾಗ ನೀನೂ ಹೇಳಿದೆ, ಅವನು ಸುಮ್ಮನೆ ಹೇಳುವವನಲ್ಲ, ವಯಸ್ಸಾಯಿತಲ್ಲ ಅಮ್ಮಾ, ಇನ್ನು ಆ ಭಾರದ ಪೆಟ್ಟಿಗೆ ಯಾಕೆ ಎಂದು. ಆ ವಾರವೇ ನನ್ನ ಹತ್ತಿರ ಕಲಿಯಲು ಬರುತ್ತಿದ್ದವರನ್ನೆಲ್ಲ ಬಿಡಿಸಿದೆ. ಕೇಳಿಸದವಳು ಕಲಿಸುವುದು ಮೋಸವಲ್ಲವೇ? ಬ್ಯಾಂಕಿನ ಗುಮಾಸ್ತೆ ಅತ್ತೇಬಿಟ್ಟಳು. ನಿವೃತ್ತನಾದ ಬಸ್ ಡ್ರೈವರ್ ಶೂ ಹಾಕಿಕೊಂಡು ಹೋದ. ಗಿಟಾರನ್ನು ಮಂಚದ ಕೆಳಗೆ ತಳ್ಳಿದೆ. ಸಂಜೆಯ ಹೊತ್ತು ಮುಂದಿನ ಕೋಣೆಗೆ ಹೋಗುವುದನ್ನೇ ಬಿಟ್ಟೆ, ಅಲ್ಲಿ ಖಾಲಿ ಕುರ್ಚಿಗಳಿದ್ದವು.

ಕೊನೆಗೆ ನಿನ್ನ ತಂಗಿ ಎಳೆದುಕೊಂಡು ಹೋಗಿ ಕಿವಿ ಡಾಕ್ಟರು ಪರೀಕ್ಷೆ ಮಾಡುವ ಗಾಜಿನ ಗೂಡಿನಲ್ಲಿ ಕೂರಿಸಿದಳು. ಡಾಕ್ಟರು, ನಿಮಗಿಂತ ಚಿಕ್ಕವರಿಗೂ ಇಷ್ಟು ಚೆನ್ನಾಗಿ ಕೇಳಿಸುವುದಿಲ್ಲ ಎಂದು ನಕ್ಕರು, ಏನು ತೊಂದರೆ ಅಂತ ಬಂದಿರಿ ಎಂದೂ ಕೇಳಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನಿನ್ನ ತಂಗಿ ಸಂತೋಷದಿಂದ ಏನೇನೋ ಹೇಳುತ್ತಿದ್ದಳು. ನನಗೆ ಬಂದದ್ದು ಸಂತೋಷವಲ್ಲ. ನಿಮ್ಮಪ್ಪ ತೀರಿಕೊಂಡಾಗಲೂ ದೇವರ ಮೇಲೆ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

ಆ ದಿನದಿಂದ ನಂಬಿಕಸ್ಥ ರಿಪೇರಿಯವರನ್ನು ಹುಡುಕುವುದೇ ನನ್ನ ಉದ್ಯೋಗವಾಯಿತು. ಊರೆಲ್ಲ ಅಲೆದೆ. ಒಬ್ಬ ಪೆಟ್ಟಿಗೆಯನ್ನು ನೋಡದೆಯೇ, ಇದರ ಕರುಳೆಲ್ಲ ಕಿತ್ತು ಹೊಸ ಬೋರ್ಡು ಕೂರಿಸೋಣ ಅಂದ. ಇನ್ನೊಬ್ಬ ನೋಡಿ, ಒಳಗೆ ಬಲ್ಬು ಹಾಕಿದರೆ ಅಲಂಕಾರಕ್ಕೆ ಚೆನ್ನ ಅಂದ. ಮತ್ತೊಬ್ಬ ಬಹಳ ವಿನಯವಂತ, ಬಿಟ್ಟು ಹೋಗಿ ತಾಯಿ, ಆಮೇಲೆ ನೋಡೋಣ ಅಂದ. ವಿನಯ ಕಂಡರೆ ನನಗೆ ಈಗ ಮೈ ಉರಿಯುತ್ತದೆ, ಎತ್ತಿಸಿಕೊಂಡು ಬಂದೆ. ಪಿಯಾನೋ ಶ್ರುತಿ ಮಾಡುವವನು ಕೊನೆಗೆ ಒಬ್ಬಳ ವಿಳಾಸ ಕೊಟ್ಟ. ಕೊಡುವಾಗಲೇ ಎಚ್ಚರಿಸಿದ, ಕೆಲಸ ಚೆನ್ನಾಗಿ ಮಾಡ್ತಾಳೆ, ಅವಳನ್ನು ಸಹಿಸುವುದು ಮಾತ್ರ ಕಷ್ಟ ಎಂದು.

ಅವಳನ್ನು ನಾನು ಸಿಡುಕಿ ಎಂದು ಕರೆಯುತ್ತೇನೆ, ಎದುರಿಗೂ ಹಾಗೇ. ರೇಡಿಯೋ ಕೇಂದ್ರದಲ್ಲಿ ಇಂಜಿನಿಯರ್ ಆಗಿದ್ದವಳು, ಮೇಲಿನವರ ಜೊತೆ ಕಾದಾಡಿ ಹೊರಬಿದ್ದವಳು, ತನ್ನಷ್ಟು ಬಲ್ಲವರು ಬೇರೆ ಯಾರೂ ಇಲ್ಲವೆಂದು ಬಂದವರಿಗೆಲ್ಲ ಹೇಳುವವಳು. ಹೊಲಿಗೆ ಮಿಷನ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಬೆಂಚು. ನಾನು ಪೆಟ್ಟಿಗೆ ಇಟ್ಟು ಹೊರಡಲು ಎದ್ದಾಗ ಗದರಿದಳು. "ಎಲ್ಲಿಗೆ? ಕೂತ್ಕೊಳ್ಳಿ. ಯಾರ ಪೆಟ್ಟಿಗೇನೂ ನಾನು ಅವರ ಬೆನ್ನ ಹಿಂದೆ ಬಿಚ್ಚಲ್ಲ." ಮಗನೇ, ಆ ಒಂದು ಗದರಿಕೆಗೆ ನನ್ನ ಕಣ್ಣು ತುಂಬಿತು. ಹಿಂದಿನ ಹಲಗೆ ತೆಗೆದು ನೋಡಿದವಳು ನನ್ನನ್ನೇ ಬೈದಳು: ಇಂಥ ಒಳ್ಳೆಯ ಪೆಟ್ಟಿಗೆಗೆ ಈ ಅಗ್ಗದ ಸ್ಪೀಕರ್ ಯಾಕೆ ಹಾಕಿಸಿದಿರಿ, ಹಳೆಯ ಟ್ರಾನ್ಸ್‌ಫಾರ್ಮರ್ ಎಲ್ಲಿ, ಬೆಸುಗೆ ಇನ್ನೂ ಹೊಸದಾಗಿ ಹೊಳೆಯುತ್ತಿದೆಯಲ್ಲ ಎಂದು. ನಾನು ಹಾಕಿಸಿಲ್ಲ ಅಂದೆ. ಆಗ ಅವಳು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. ನನ್ನ ಸ್ಪೀಕರಿಗೆ ಗುರುತು ಏನಾದರೂ ಇತ್ತೇ ಎಂದು ಆಮೇಲೆ ಕೇಳಿದಳು. ಇತ್ತು. ಒಂದು ಸಲ ನಿಮ್ಮಪ್ಪನ ಡ್ರಮ್ ಕಡ್ಡಿ ತಗುಲಿ ಅದರ ಕಾಗದ ಹರಿದಿತ್ತು, ಕಾರ್ಯಕ್ರಮಕ್ಕೆ ಹೊತ್ತಾಗಿದ್ದರಿಂದ ನನ್ನ ಕೆಂಪು ಉಗುರುಬಣ್ಣವನ್ನೇ ಬಳಿದು ಅಂಟಿಸಿದ್ದೆ. ಅಂಥ ಸ್ಪೀಕರ್ ಕೈಗೆ ಸಿಕ್ಕಿದವನು ಮಾರುವುದಿಲ್ಲ, ಇಟ್ಟುಕೊಂಡು ಮೆರೆಯುತ್ತಾನೆ ಅಂದಳು ಸಿಡುಕಿ.

ಬೆಣ್ಣೆ ಮೆರೆಯುವುದು ಎಲ್ಲಿ ಎಂದು ಊರಿಗೇ ಗೊತ್ತು. ತಿಂಗಳ ಕೊನೆಯ ಭಾನುವಾರ ಅವನ ಅಂಗಡಿಯಲ್ಲಿ ಗಿಟಾರಿನವರೆಲ್ಲ ಸೇರುತ್ತಾರೆ, ಅವನು ತಾನೇ ಕೈಯಾರೆ ಕಟ್ಟಿದ್ದೆಂದು ಒಂದು ಆಂಪ್ ತೋರಿಸಿ ಹೊಗಳಿಸಿಕೊಳ್ಳುತ್ತಾನೆ. ಪೊಲೀಸರಿಗೆ ಹೇಳು ಎಂದು ನಿನ್ನ ತಂಗಿ ಗೋಗರೆದಳು. ಪೊಲೀಸರು ಕೋಣೆಯೊಳಗೆ ಕೂರಿಸಿ ಕೇಳುತ್ತಾರೆ. ನನಗೆ ಬೇಕಾದದ್ದು ಅದಲ್ಲ. ನನ್ನ ಕಿವಿಯನ್ನು ಅವನು ಆಡಿಕೊಂಡಿದ್ದ, ಕಿವಿ ಇರುವವರ ಎದುರೇ ಅವನ ಮಾನ ಹೋಗಬೇಕಿತ್ತು. ಒಳ್ಳೆಯ ಸೀರೆ ಉಟ್ಟೆ. ಸಿಡುಕಿಯನ್ನು ಜೊತೆಗೆ ಕರೆದುಕೊಂಡೆ. ಕೋಣೆ ತುಂಬಿತ್ತು, ನನ್ನ ಹಳೆಯ ಶಿಷ್ಯರೂ ಇದ್ದರು. ಬೆಣ್ಣೆ ನನ್ನನ್ನು ಕಂಡು ಕುರ್ಚಿ ಒರೆಸಿ ಕೊಟ್ಟ.

ನಾನು ನಗುತ್ತಲೇ ಕೇಳಿದೆ, ಮುದುಕಿಯ ಒಂದು ಆಸೆ, ಇಲ್ಲಿರುವ ಆಂಪುಗಳಲ್ಲೆಲ್ಲ ಒಂದೇ ರಾಗ ನುಡಿಸಿ, ನಾನು ಗೋಡೆಗೆ ಮುಖ ಮಾಡಿ ಕೂರುತ್ತೇನೆ ಎಂದು. ಎಲ್ಲರಿಗೂ ತಮಾಷೆ ಎನಿಸಿತು. ಬಸ್ ಡ್ರೈವರನೇ ಗಿಟಾರ್ ಎತ್ತಿಕೊಂಡ. ಒಂದೊಂದಾಗಿ ಕೇಳುತ್ತ ಹೋದೆ. ನನ್ನೆದುರು ಬಿಳಿ ಗೋಡೆ, ಅದರಲ್ಲೊಂದು ಮೊಳೆ. ಆಮೇಲೆ ಒಮ್ಮೆಲೇ ಆ ದನಿ ಬಂತು. ನಿಮ್ಮಪ್ಪ ಬಾಗಿಲಲ್ಲಿ ನಿಂತು ಕರೆದ ಹಾಗಾಯಿತು, ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಇದು ನನ್ನದು" ಅಂದೆ. ತಿರುಗಿ ನೋಡಿದರೆ ಬೆಣ್ಣೆ ತಾನು ಕಟ್ಟಿದೆನೆಂದ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದ. ಪಾಪ, ಅಮ್ಮನಿಗೆ ಈಚೆಗೆ ಕಿವಿ ಸರಿಯಿಲ್ಲ ಎಂದು ಉಳಿದವರಿಗೆ ಮೆತ್ತಗೆ ಹೇಳಿದ. ಹಾಗಾದರೆ ಹಿಂದಿನ ಹಲಗೆ ಬಿಚ್ಚು ಅಂದೆ. ಅವನು ಕದಲಲಿಲ್ಲ. ಸಿಡುಕಿ ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಅವನ ಮುಂದೆ ಹಿಡಿದಳು. ಅಷ್ಟು ಜನ ನೋಡುತ್ತಿರುವಾಗ ಬೇಡವೆನ್ನಲು ಅವನಿಂದಾಗಲಿಲ್ಲ. ಕೆಂಪು ಬಣ್ಣದ ಮಚ್ಚೆ ಅಲ್ಲೇ ಇತ್ತು. ಅದು ಏನೆಂದು ನಾನು ಎಲ್ಲರಿಗೂ ಹೇಳಿದೆ, ಉಗುರುಬಣ್ಣದ ಶೀಷೆಯಿಂದ ಹಿಡಿದು ಅವನು ನನ್ನ ಕೈ ಹಿಡಿದು ಆಡಿದ ಮಾತಿನವರೆಗೆ. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ನಾನು ಅಷ್ಟಕ್ಕೇ ಬಿಡಲಿಲ್ಲ. ನನ್ನ ಸ್ಪೀಕರನ್ನೂ ಟ್ರಾನ್ಸ್‌ಫಾರ್ಮರನ್ನೂ ಎಲ್ಲರೆದುರು ಅವನ ಕೈಯಲ್ಲೇ ಬಿಚ್ಚಿಸಿ ವಾಪಸು ಪಡೆದೆ. ಅವನು ನೆಲದ ಮೇಲೆ ಕೂತು ಬಿಚ್ಚುತ್ತಿದ್ದರೆ ನಾನು ಅವನೇ ಒರೆಸಿಕೊಟ್ಟ ಕುರ್ಚಿಯಲ್ಲಿ ಕೂತು ನೋಡಿದೆ. ಹೊರಡುವಾಗ, ಇವನ ಹತ್ತಿರ ರಿಪೇರಿ ಮಾಡಿಸಿದವರೆಲ್ಲ ನಿಮ್ಮ ನಿಮ್ಮದನ್ನೂ ಬಿಚ್ಚಿಸಿ ನೋಡಿಕೊಳ್ಳಿ ಅಂದೆ. ಮರುದಿನದಿಂದ ಹೊಲಿಗೆ ಮಿಷನ್ ಅಂಗಡಿಯ ಮುಂದೆ ಪೆಟ್ಟಿಗೆ ಹೊತ್ತವರ ಸಾಲು. ಮೋಸ ಹೋದವಳು ನಾನೊಬ್ಬಳೇ ಅಲ್ಲ. ಬೆಣ್ಣೆಯ ಗಾಜಿನ ಬಾಗಿಲಿನ ಮುಂದೆ ಈಗ ಕಬ್ಬಿಣದ ಶಟರ್ ಇಳಿದಿದೆ. ಮಾರ್ಕೆಟ್ಟಿಗೆ ಹತ್ತಿರದ ದಾರಿ ಬೇರೆ ಇದ್ದರೂ ನಾನು ಬೇಕೆಂದೇ ಆ ಬೀದಿಯಲ್ಲಿ ನಡೆದು ಹೋಗುತ್ತೇನೆ. ಒಮ್ಮೆ ಅವನ ತಾಯಿ ಎದುರಾಗಿ, ಮಗುವಿನಂತೆ ಬೆಳೆಸಿದಿರಿ, ಕ್ಷಮಿಸಿಬಿಡಿ ಅಂದಳು. ಬೆಳೆಸಿದ್ದಕ್ಕೇ ಕ್ಷಮಿಸುವುದಿಲ್ಲ ಅಂದೆ. ನಿನ್ನ ತಂಗಿಗೆ ನನ್ನ ಈ ಗುಣ ಕಂಡರೆ ಭಯವಂತೆ. ಇರಲಿ. ನನ್ನ ಹೊಟ್ಟೆ ತಣ್ಣಗಾಗಿದೆ, ಅದನ್ನು ನಾನೇಕೆ ಮುಚ್ಚಿಡಲಿ?

ಸಿಡುಕಿ ನನ್ನನ್ನು ಎದುರಿಗೆ ಕೂರಿಸಿಕೊಂಡೇ ಎಲ್ಲ ಮತ್ತೆ ಜೋಡಿಸಿದಳು. ನಾನು ಬಿಡಿಸಿದವರು ಒಬ್ಬೊಬ್ಬರಾಗಿ ಮತ್ತೆ ಕಲಿಯಲು ಬರುತ್ತಿದ್ದಾರೆ. ಮೇಲಿನ ಮನೆಯವರು ಸದ್ದು ಹೆಚ್ಚಾಯಿತೆಂದು ದೂರಿದರು, ಕೇಳಿ ಖುಷಿಯಾಯಿತು.

ನೀನು ತೇಲುವ ನೀರು, ತುಳಿಯುವ ನೆಲ ಎಲ್ಲವೂ ನಿನ್ನನ್ನು ಕಾಯಲಿ. ಮೈ ಕಡೆ ಗಮನವಿರಲಿ, ಬಿಸಿಲಿಗೆ ಬರಿತಲೆಯಲ್ಲಿ ನಿಲ್ಲಬೇಡ. ನಿನ್ನ ತಂಗಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ
ಅಮ್ಮ

ಕೊನೆಗೊಂದು ಮಾತು: ಮರೆತು ಇಲ್ಲಿ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ಸ್ಪೀಕರನ್ನು ನನ್ನ ಮಡಿಲಿಗೆ ಇಡುವಾಗ ಬೆಣ್ಣೆ ಬಗ್ಗಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದ. "ನಾನಾಗಿ ತಗೊಂಡಿದ್ದಲ್ಲ ಅಮ್ಮಾ. ಬೇಕಾದ್ದು ತಗೋ, ಅಮ್ಮಂಗೆ ಎಲ್ಲಿ ಗೊತ್ತಾಗುತ್ತೆ ಅಂತ ನಿಮ್ಮ ಮಗನೇ ಹೇಳಿದ್ದು." ನಿನ್ನ ತಂಗಿಗೆ ಇದನ್ನು ಹೇಳಿಲ್ಲ, ಸಿಡುಕಿಗೂ ಹೇಳಿಲ್ಲ. ಅವನ ಬಾಯಲ್ಲಿ ಬರುವುದೆಲ್ಲ ಸುಳ್ಳು, ಗೊತ್ತು. ಆದರೂ ಅಂದಿನಿಂದ ನಿದ್ದೆ ಇಲ್ಲ. ಇದಕ್ಕೆ ಕಾಗದ ಬರೆಯಬೇಡ, ಕಾಗದದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಬಂದರು ಮುಟ್ಟಿದ ಕೂಡಲೇ ಫೋನ್ ಮಾಡು. ಇಲ್ಲ ಅಮ್ಮಾ ಅಂತ ಒಂದೇ ಮಾತು ಹೇಳು, ಸಾಕು. ಉಳಿದದ್ದನ್ನು ನಿನ್ನ ದನಿಯಲ್ಲೇ ನಾನು ಕೇಳಿಸಿಕೊಳ್ಳುತ್ತೇನೆ.