ಅಣ್ಣನ ಹೊಟ್ಟೆ, ಅಣ್ಣನ ಕೈ

ಜೂನ್ ೧೧, ಮಂಗಳವಾರ

ನಮ್ಮ ಹೊಲಿಗೆ ಅಂಗಡಿಯಲ್ಲಿ ಅಣ್ಣ ಬಟ್ಟೆ ಕತ್ತರಿಸುತ್ತಾನೆ, ನಾನು ಗಿರಾಕಿಗಳ ತಲೆ ತಿನ್ನುತ್ತೇನೆ. ಈಗ ಅವನ ಬಲಗೈ ನಡುಗುತ್ತಿದೆ. ಪಾರ್ಕಿನ್ಸನ್ ಅಂತೆ, ಮಿದುಳಿನ ಕಾಯಿಲೆ.

ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈಯ ವಿಷಯ ಬಿಟ್ಟು ಹೊಟ್ಟೆಯ ವಿಚಾರಣೆಗೆ ಕೂತರು. ವರ್ಷಗಟ್ಟಲೆ ಮಲಬದ್ಧತೆ ಇತ್ತೇ? ಇತ್ತು, ಅದಕ್ಕೇ ಅತ್ತಿಗೆ ಅವನನ್ನು ‘ಬಾಗಿಲು ಹಾಕಿದ ಮಹಾರಾಜ’ ಎನ್ನುವುದು. ಕರುಳಿನ ಬ್ಯಾಕ್ಟೀರಿಯಾಗಳಿಗೂ ಮಿದುಳಿಗೂ ಮಾತುಕತೆ ಇರುತ್ತದಂತೆ. ಕೆಲವರಲ್ಲಿ ಈ ಕಾಯಿಲೆ ಕರುಳಲ್ಲೇ ಶುರುವಾಗಬಹುದಂತೆ.

“ಹೊಟ್ಟೆ ಸರಿಹೋದ್ರೆ ಕೈ ನಿಲ್ಲುತ್ತಾ, ಡಾಕ್ಟ್ರೇ?” ಎಂದ ಅಣ್ಣ.

“ಹಾಗಂತ ಹೇಳೋಕಾಗಲ್ಲ. ಇನ್ನೂ ಹುಡುಕ್ತಿದ್ದಾರೆ. ಮಾತ್ರೆ ಮಾತ್ರ ಬಿಡಬೇಡಿ.”

ಸಂಜೆ ಅವನು ಬಟ್ಟೆ ಮೇಲೆ ಎಳೆದ ಸೀಮೆಸುಣ್ಣದ ಗೆರೆ ಸೊಟ್ಟಗಾಯಿತು.

“ಯಾಕೋ ಸುಮ್ನಾದೆ? ನೀನು ವಟಗುಟ್ತಾ ಇದ್ರೆ ಈ ಕೈ ಸ್ವಲ್ಪ ನನ್ನ ಮಾತು ಕೇಳುತ್ತೆ ಕಣೋ.”

ವಟಗುಟ್ಟಿದೆ. ಎರಡನೇ ಗೆರೆ ನೆಟ್ಟಗೆ ಬಂತು. ನಾಳೆ ಕೋಟು ಕತ್ತರಿಸುವುದಿದೆ. ಒಂದು ಇಡೀ ಕೋಟು ಮುಗಿಯುವಷ್ಟು ಮಾತು ನನ್ನ ಹತ್ತಿರ ಇದೆಯೋ...